ಅಕ್ಕನ ನೋಟ್‌ಬುಕ್, ಮಳೆಗಾಲದ ಲೈನು ಮತ್ತು ಡಯಲ್‌ಅಪ್

2002ರ ಜುಲೈ. ಆಗ ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಸಾಗರದ ಹತ್ತಿರದ ಹಳ್ಳಿಯಿಂದ ಅಕ್ಕ ಫೋನ್ ಮಾಡಿದಳು. "ಇಂಟರ್ನೆಟ್ಟು ಹತ್ತು ನಿಮಿಷ ನಿಲ್ಲೋದಿಲ್ಲ ಕಣೋ. ಮೂರು ಜನ ಬಂದು ನೋಡಿದರು. ವಿಂಡೋಸ್ ಎರಡು ಸಲ ಹಾಕಿಸಿ ಆಯ್ತು. ಹೊಸ ಮೋಡೆಮ್ ತಂದು ಹಾಕಿಯೂ ಆಯ್ತು. ನೀನೊಂದು ಸಲ ಬಾ" ಅಂದಳು.

ಅಕ್ಕನ ಮಗ ಆಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ. ನಮ್ಮಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಅವನಿಗೆ ಬೆಳಿಗ್ಗೆ. ಊಟಕ್ಕೆ ಮುಂಚೆ ಅಕ್ಕ, ಭಾವ ಇಬ್ಬರೂ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಐಎಸ್‌ಡಿ ಮಾಡಿದರೆ ದುಡ್ಡು ಸುರಿಯಬೇಕು, ಹಾಗಾಗಿ ಚಾಟ್. ಅವನು ಒಂದು ವಾಕ್ಯ ಬರೆಯುತ್ತಿದ್ದ, ಅಕ್ಕ ಒಂದೊಂದೇ ಕೀ ಹುಡುಕಿ ಉತ್ತರ ಬರೆಯುತ್ತಿದ್ದಳು, ಕಳಿಸುವ ಹೊತ್ತಿಗೆ ಲೈನ್ ಕಟ್. ಮಗನ ಜೊತೆ ಮಾತಾಡುವಾಗ ಹೀಗಾದರೆ ತಾಯಿಗೆ ಎಷ್ಟು ಸಂಕಟ ಆಗುತ್ತದೆ ಅಂತ ನಾನು ಕಣ್ಣಾರೆ ನೋಡಿದೆ. ಅದಕ್ಕೇ ಈ ವಿಷಯ ನನಗೆ ಇವತ್ತಿಗೂ ಬರೀ ಹಳೆಯ ಕಾಲದ ಒಂದು ಯಂತ್ರದ ಕಥೆ ಅಲ್ಲ.

ಇಲ್ಲಿ ಕೂತಿರುವ ಹಲವರು ಡಯಲ್‌ಅಪ್ ನೋಡಿಯೇ ಇಲ್ಲ ಅಂತ ಗೊತ್ತು. ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿತು. ಅಲ್ಲಿಯವರೆಗೂ ಅದು ಓಡುತ್ತಿತ್ತು ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. 1998ರ ಕೊನೆಗೆ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಮನೆ ಫೋನಿನಿಂದ 172ರಲ್ಲಿ ಶುರುವಾಗುವ ಒಂದು ನಂಬರಿಗೆ ಕಂಪ್ಯೂಟರೇ ಮೋಡೆಮ್ ಅನ್ನುವ ಸಾಧನದ ಮೂಲಕ ಫೋನ್ ಮಾಡುತ್ತಿತ್ತು. ಆ ಕಡೆಯಿಂದ ಇನ್ನೊಂದು ಮೋಡೆಮ್ ಎತ್ತುತ್ತಿತ್ತು. ಎರಡೂ ಮಾತಾಡಿಕೊಳ್ಳುತ್ತಿದ್ದವು. ಅಷ್ಟೇ ವಿಷಯ.

ಆದರೆ ಮಾತಾಡುತ್ತಿದ್ದದ್ದು ಯಾವುದರ ಮೇಲೆ ಅನ್ನುವುದನ್ನು ಹಿಡಿದುಕೊಳ್ಳಿ. ಫೋನಿನ ಲೈನ್ ಮನುಷ್ಯರ ಮಾತಿಗಾಗಿ ಮಾಡಿದ್ದು. ಸುಮಾರು 300ರಿಂದ 3400 ಹರ್ಟ್ಸ್ ತನಕದ ಸದ್ದನ್ನು ಅದು ಸಾಗಿಸುತ್ತದೆ. ಅದಕ್ಕಿಂತ ಕೆಳಗಿನದು, ಮೇಲಿನದು ಎಲ್ಲ ಹೋಗಿಬಿಡುತ್ತದೆ. ಫೋನಿನಲ್ಲಿ "ಸ" ಅಂದದ್ದೋ "ಫ" ಅಂದದ್ದೋ ಅಂತ ಗೊಂದಲ ಆಗುತ್ತಿತ್ತಲ್ಲ, ಅದು ಇದೇ ಕಾರಣಕ್ಕೆ. ಈ ಸಣ್ಣ ಕಿಂಡಿಯಲ್ಲೇ ಮೋಡೆಮ್ ತನ್ನ ಬಿಟ್‌ಗಳನ್ನೆಲ್ಲ, ಅಂದರೆ ಸೊನ್ನೆ-ಒಂದುಗಳನ್ನೆಲ್ಲ, ಸದ್ದು ಮಾಡಿ ತೂರಿಸಬೇಕು. ವಿ.34 ಅನ್ನುವ ಪದ್ಧತಿಯಲ್ಲಿ ಸೆಕೆಂಡಿಗೆ 33,600 ಬಿಟ್ ತನಕ ಹೋಗುತ್ತಿತ್ತು. ಆಮೇಲೆ 1998ರಲ್ಲಿ ವಿ.90 ಬಂತು, ಅದೇ 56ಕೆ, ಅಂದರೆ ಸೆಕೆಂಡಿಗೆ 56,000 ಬಿಟ್ ತನಕ.

ಈ 56ಕೆ ಹೇಗೆ ಸಾಧ್ಯ ಆಯಿತು ಅನ್ನುವುದು ಚೆಂದದ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಊರಿನ ಫೋನ್ ಲೈನುಗಳೆಲ್ಲ ಹೋಗಿ ಸೇರುವ ಜಾಗವೇ ಎಕ್ಸ್‌ಚೇಂಜ್. ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ. ಒಂದೊಂದು ಅಳತೆಗೆ 8 ಬಿಟ್. ಗುಣಿಸಿದರೆ 64,000. ಅಂದರೆ ಎಕ್ಸ್‌ಚೇಂಜಿನ ಒಳಗೆ ಆಗಲೇ ಅಷ್ಟು ದೊಡ್ಡ ದಾರಿ ಇದೆ. ಇಂಟರ್ನೆಟ್ ಕೊಡುವವರು ಎಕ್ಸ್‌ಚೇಂಜಿಗೆ ನೇರವಾಗಿ ಡಿಜಿಟಲ್ ಆಗಿ ಸೇರಿಕೊಂಡರೆ, ಅವರಿಂದ ನಿಮ್ಮ ಮನೆಗೆ ಬರುವಾಗ ಡಿಜಿಟಲ್‌ನಿಂದ ಸದ್ದಿಗೆ ಬದಲಾಗುವುದು ಒಂದೇ ಒಂದು ಸಲ. ಅದರ ಲಾಭ ಪಡೆದದ್ದೇ ವಿ.90. ಹಾಗಾಗಿ ಇಳಿಯುವ ದಿಕ್ಕಿಗೆ ಮಾತ್ರ 56ಕೆ, ಏರುವ ದಿಕ್ಕಿಗೆ ಅದೇ 33.6. ನಡುವೆ ಎಲ್ಲಾದರೂ ಇನ್ನೊಂದು ಸಲ ಬದಲಾವಣೆ ಆಯಿತೋ, ಉದಾಹರಣೆಗೆ ಆಫೀಸಿನ ಇಂಟರ್‌ಕಾಮ್ ಪೆಟ್ಟಿಗೆಯ ಮೂಲಕ ಲೈನ್ ಬಂದಿತ್ತು ಅಂತಿಟ್ಟುಕೊಳ್ಳಿ, ಆಗ 56ಕೆ ಆಸೆ ಬಿಡಬೇಕು. ಎಷ್ಟೋ ಜನ ಮೋಡೆಮ್ ಕೆಟ್ಟಿದೆ ಅಂತ ಅಂಗಡಿಗೆ ತಂದುಕೊಡುತ್ತಿದ್ದರು. ಮೋಡೆಮ್ ಚೆನ್ನಾಗೇ ಇರುತ್ತಿತ್ತು, ಅವರ ಲೈನ್ ಇಂಟರ್‌ಕಾಮ್ ಹೊಕ್ಕು ಬರುತ್ತಿತ್ತು.

ಹಳ್ಳಿಯಲ್ಲಿ ಡಿಜಿಟಲ್ ಎಕ್ಸ್‌ಚೇಂಜ್ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಇಲ್ಲಿ ನಾನು ಹೆಮ್ಮೆಯಿಂದ ಹೇಳುವ ಮಾತೊಂದಿದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ಹಳ್ಳಿಗಳಿಗಾಗಿಯೇ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿತು. 128 ಪೋರ್ಟು, ಎಸಿ ಬೇಡ, ದೂಳು ಬಿಸಿಲು ತಡೆಯುತ್ತದೆ. ಅದನ್ನು 1986ರಲ್ಲಿ ಮೊದಲು ಹಾಕಿದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಆಮೇಲೆ ಊರೂರಿಗೆ ಹೋಯಿತು. ಅದು ಇಲ್ಲದಿದ್ದರೆ ಅಕ್ಕನ ಹಳ್ಳಿಗೆ ಫೋನೇ ಇರುತ್ತಿರಲಿಲ್ಲವೋ ಏನೋ, ಇಂಟರ್ನೆಟ್ಟಿನ ಮಾತು ಆಮೇಲೆ.

ಸರಿ, ಈಗ ಸದ್ದಿಗೆ ಬರೋಣ. ಮೋಡೆಮ್ ಡಯಲ್ ಮಾಡುವಾಗ ಬರುತ್ತಿದ್ದ ಆ ಕಿರಿಚಾಟ ಬಹಳ ಜನಕ್ಕೆ ಕಿರಿಕಿರಿ, ಸ್ಪೀಕರ್ ಬಂದ್ ಮಾಡಿಬಿಡುತ್ತಿದ್ದರು. ನಾನು ಮೊದಲು ಮಾಡುತ್ತಿದ್ದ ಕೆಲಸವೇ ಆ ಸ್ಪೀಕರ್ ಮತ್ತೆ ಆನ್ ಮಾಡುವುದು. ಯಾಕೆಂದರೆ ಕಾಯಿಲೆ ಎಲ್ಲಿದೆ ಅಂತ ಅದೇ ಹೇಳುತ್ತದೆ. ಮೊದಲು ಡಯಲ್ ಟೋನ್. ಅದು ಶುದ್ಧವಾಗಿ ಬರಬೇಕು. ಹಿಂದೆ "ಗುಂಯ್" ಅಂತ ಕರೆಂಟಿನ ಗುನುಗು ಇದ್ದರೆ ಲೈನಿನ ಎರಡು ತಂತಿಯಲ್ಲಿ ಒಂದು ಎಲ್ಲೋ ನೆಲಕ್ಕೋ ಗೋಡೆಗೋ ತಾಗಿ ಸೋರುತ್ತಿದೆ ಅಂತ ಅನುಮಾನ ಪಡಿ. ಆಮೇಲೆ ನಂಬರ್ ಒತ್ತಿದ ಸದ್ದು. "ಟಿಕ್ ಟಿಕ್ ಟಿಕ್" ಅಂತ ಬಂದರೆ ಅದು ಪಲ್ಸ್, ಹಾಡಿನ ಹಾಗೆ ಬಂದರೆ ಟೋನ್. ಹಳೆಯ ಎಕ್ಸ್‌ಚೇಂಜ್‌ಗಳಿಗೆ ಪಲ್ಸ್ ಮಾತ್ರ ಅರ್ಥ ಆಗುತ್ತಿತ್ತು. ಆಮೇಲೆ ಆ ಕಡೆ ಎತ್ತಿ 2100 ಹರ್ಟ್ಸಿನ ಒಂದೇ ದನಿ, ಹಾರ್ಮೋನಿಯಂನ ಒಂದು ಎತ್ತರದ ಸ್ವರವನ್ನು ಹಿಡಿದುಕೊಂಡ ಹಾಗೆ. ದಾರಿಯಲ್ಲಿ ಪ್ರತಿಧ್ವನಿ ತೆಗೆಯುವ ಯಂತ್ರ ಇದ್ದರೆ ಅದಕ್ಕೆ "ಸ್ವಲ್ಪ ಹೊತ್ತು ಸುಮ್ನಿರು" ಅಂತ ಹೇಳುವ ಸ್ವರ ಅದು. ಆಮೇಲೆ ಎರಡೂ ಮೋಡೆಮ್ ಹೆಸರು ಹೇಳಿಕೊಳ್ಳುತ್ತವೆ, ಲೈನನ್ನು ಬೇರೆ ಬೇರೆ ಸ್ವರ ಹಾಕಿ ಪರೀಕ್ಷೆ ಮಾಡುತ್ತವೆ, ಕೊನೆಗೆ ಆ ಉದ್ದದ "ಶ್‌ಶ್‌ಶ್" ಸದ್ದಿನಲ್ಲಿ ಪರಸ್ಪರ ಹೊಂದಿಸಿಕೊಳ್ಳುತ್ತವೆ.

ಈಗ ಗಮನಿಸಿ. ಡಯಲ್ ಟೋನೇ ಬರಲಿಲ್ಲ ಅಂದರೆ ತೊಂದರೆ ನಿಮ್ಮ ಮನೆಯದ್ದು, ಇಲ್ಲವೇ ಎಕ್ಸ್‌ಚೇಂಜಿನ ತನಕದ ತಂತಿಯದ್ದು. ರಿಂಗ್ ಆಗಿ ಆಗಿ ಯಾರೂ ಎತ್ತಲಿಲ್ಲ ಅಂದರೆ ಆ ಕಡೆಯದ್ದು. "ಶ್‌ಶ್‌ಶ್" ಸದ್ದು ಒಂದು ಸಲ ಬಂದು, ನಿಂತು, ಮತ್ತೆ ಬಂದು, ಮತ್ತೆ ನಿಂತರೆ ಲೈನ್ ಗಲೀಜಾಗಿದೆ, ಎರಡೂ ಸೇರಿ ಒಂದು ವೇಗಕ್ಕೆ ಬರಲಾಗದೆ ಒದ್ದಾಡುತ್ತಿವೆ. ಇಷ್ಟೂ ಪೂರ್ತಿ ಚೆನ್ನಾಗಿ ಮುಗಿದು ಆಮೇಲೆ ಪರದೆಯ ಮೇಲೆ ತಪ್ಪು ತೋರಿಸಿದರೆ ಲೈನಿಗೆ ಕೈ ಹಾಕಬೇಡಿ, ಅದು ಪಾಸ್‌ವರ್ಡ್ ಅಥವಾ ಸೆಟ್ಟಿಂಗ್ ವಿಷಯ.

ವಿಂಡೋಸ್ ಕೊಡುತ್ತಿದ್ದ ನಂಬರುಗಳೂ ಇದನ್ನೇ ಹೇಳುತ್ತಿದ್ದವು. 680 ಅಂದರೆ ಡಯಲ್ ಟೋನ್ ಇಲ್ಲ. 676 ಅಂದರೆ ಬ್ಯುಸಿ. 678 ಅಂದರೆ ಉತ್ತರ ಇಲ್ಲ. 691 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, ನೂರಕ್ಕೆ ತೊಂಬತ್ತು ಸಲ ಕ್ಯಾಪ್ಸ್‌ಲಾಕ್ ಒತ್ತಿರುತ್ತಿತ್ತು ಅಂತ ನನ್ನ ಅನುಭವ. 720 ಬಂದರೆ ಡಯಲ್‌ಅಪ್ ಸೆಟ್ಟಿಂಗಿನಲ್ಲಿ ಟಿಸಿಪಿ/ಐಪಿ, ಅಂದರೆ ಇಂಟರ್ನೆಟ್ ಮಾತಾಡುವ ಭಾಷೆ (ಪ್ರೋಟೋಕಾಲ್), ಸರಿಯಾಗಿದೆಯಾ ನೋಡಿ, ಉಳಿದ ಎರಡು ಪ್ರೋಟೋಕಾಲ್‌ಗಳ ಟಿಕ್ ತೆಗೆದುಬಿಡಿ. ಜನ ಈ ನಂಬರ್ ಓದದೆಯೇ ಕ್ಯಾನ್ಸಲ್ ಒತ್ತುತ್ತಿದ್ದರು. "ಏನು ಬಂತು?" ಅಂತ ಕೇಳಿದರೆ "ಏನೋ ಎರರ್ ಬಂತು" ಅನ್ನುತ್ತಿದ್ದರು. ಆ ಮೂರು ಅಂಕಿ ಬರೆದಿಟ್ಟಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು.

ನನ್ನ ಅಕ್ಕ ಬರೆದಿಟ್ಟಿದ್ದಳು. ನಾನು ಹೋಗುವ ಮುಂಚೆ ಫೋನಿನಲ್ಲಿ ಒಂದೇ ಒಂದು ಕೆಲಸ ಹೇಳಿದ್ದೆ. "ಒಂದು ವಾರ ನೋಟ್‌ಬುಕ್ಕಲ್ಲಿ ಬರಿ. ಎಷ್ಟು ಗಂಟೆಗೆ ಕನೆಕ್ಟ್ ಆಯ್ತು, ಎಷ್ಟು ಗಂಟೆಗೆ ಕಟ್ ಆಯ್ತು, ಆಗ ಮನೆಯಲ್ಲಿ ಏನು ನಡೀತಿತ್ತು." ಯಾಕೆ ಅಂದರೆ ಕಟ್ ಆಗುವುದರಲ್ಲಿ ಎರಡು ಜಾತಿ. ಸರಿಯಾಗಿ ಇಪ್ಪತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಹೀಗೆ ಲೆಕ್ಕ ಹಿಡಿದು ಕಟ್ ಆದರೆ ಅದು ಸೆಟ್ಟಿಂಗ್. ಸುಮ್ನೆ ಕೂತಿದ್ದರೆ ಇಷ್ಟು ನಿಮಿಷಕ್ಕೆ ಲೈನ್ ಬಿಡು ಅಂತ ವಿಂಡೋಸಿನಲ್ಲೋ ಆ ಕಡೆಯ ಸರ್ವರಿನಲ್ಲೋ ಇರುತ್ತದೆ. ಒಮ್ಮೆ ಮೂರು ನಿಮಿಷ, ಒಮ್ಮೆ ಹದಿನಾಲ್ಕು ನಿಮಿಷ ಅಂತ ಆದರೆ ಅದು ತಂತಿ.

ಅಕ್ಕನ ನೋಟ್‌ಬುಕ್ ತೆರೆದರೆ 4, 11, 2, 7, 9. ತಂತಿಯೇ. ಆದರೆ ಎರಡು ಕಡೆ ಬೇರೆ ಥರ ಇತ್ತು. ಒಂದು ಕಡೆ 41 ನಿಮಿಷ, ಇನ್ನೊಂದು ಕಡೆ 35. ಅದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಾನು ಶುರು ಮಾಡಿದ್ದು ಕಂಪ್ಯೂಟರಿನಿಂದ ಅಲ್ಲ. ಮನೆ ಸುತ್ತ ತಂತಿ ಹಿಡಿದು ನಡೆದೆ. ನಿಮಗೂ ಅದನ್ನೇ ಹೇಳುತ್ತೇನೆ, ಯಾವ ಲೈನಿನ ತೊಂದರೆ ಇದ್ದರೂ ಮೊದಲು ಕಾಲಿಂದ ಕೆಲಸ ಮಾಡಿ. ಮಲೆನಾಡಿನ ಮನೆ ನಿಮಗೆ ಗೊತ್ತಲ್ಲ, ಉದ್ದಕ್ಕೆ ಹೋಗುತ್ತದೆ. ಜಗಲಿಯಲ್ಲಿ ಮುಖ್ಯ ಫೋನ್. ಅಡುಗೆಮನೆ ಪಕ್ಕದಲ್ಲಿ ಇನ್ನೊಂದು. ಅಟ್ಟದ ಮೇಲೆ ಮಗ ಓದುವಾಗ ಹಾಕಿಸಿಕೊಂಡ ಮೂರನೆಯದು. ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ಎಲ್ಲವೂ ಒಂದೇ ಲೈನಿಗೆ ಪ್ಯಾರಲಲ್. ಒಬ್ಬರು ಗೊತ್ತಿಲ್ಲದೆ ರಿಸೀವರ್ ಎತ್ತಿದರೆ ಸಾಕು, ಕನೆಕ್ಷನ್ ಹೋಯಿತು. ಎತ್ತದಿದ್ದರೂ ತೊಂದರೆ ಉಂಟು. ಪ್ರತಿ ಫೋನಿನ ಒಳಗಿನ ಗಂಟೆಯ ಭಾಗ ಲೈನಿಗೆ ತೂಗಿಕೊಂಡೇ ಇರುತ್ತದೆ. ಹಳೆಯದಾಗಿ ತೇವ ಕುಡಿದ ಫೋನ್ ಆದರೆ ಹುಕ್ಕಿನ ಮೇಲಿದ್ದೇ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತದೆ. ಅಟ್ಟದ ಮೇಲಿನದು ಹಾಗಾಗಿತ್ತು. ಅದನ್ನು ರೋಸೆಟ್ಟಿನಿಂದ ಬಿಚ್ಚಿಹಾಕಿದೆ. ರೋಸೆಟ್ ಅಂದರೆ ಗೋಡೆ ಮೇಲೆ ತಂತಿ ಬಂದು ಸೇರುವ ಆ ಚೌಕದ ಬಿಳಿ ಡಬ್ಬಿ.

ಇಲ್ಲಿ ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಒಂದು, ಕಾಲ್ ವೇಟಿಂಗ್. ಇನ್ನೊಬ್ಬರು ಫೋನ್ ಮಾಡಿದಾಗ ಬರುವ "ಬೀಪ್" ಮೋಡೆಮ್ ಕಿವಿಗೆ ಹೊಡೆತ ಇದ್ದ ಹಾಗೆ. ಡಯಲ್‌ಅಪ್ ಮಾಡುವವರು ಅದನ್ನು ತೆಗೆಸಿಬಿಡಬೇಕಿತ್ತು. ಎರಡು, ಕೆಲವು ಎಕ್ಸ್‌ಚೇಂಜಿನ ಡಯಲ್ ಟೋನ್ ತುಂಡು ತುಂಡಾಗಿ ಬರುತ್ತಿತ್ತು, ಮನುಷ್ಯರಿಗೆ ಗೊತ್ತಾಗುತ್ತದೆ, ಮೋಡೆಮ್ಮಿಗೆ ಗೊತ್ತಾಗುವುದಿಲ್ಲ, ಟೋನ್ ಇಲ್ಲ ಅಂತ ಹಟ ಹಿಡಿಯುತ್ತದೆ. ಆಗ ಮೋಡೆಮ್ಮಿನ ಹೆಚ್ಚುವರಿ ಸೆಟ್ಟಿಂಗಿನಲ್ಲಿ ಎಕ್ಸ್3 ಅಂತ ಬರೆದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಇದೊಂದೇ ಸಾಲಿನಿಂದ ಸರಿಹೋದ ಮನೆಗಳು ನನಗೆ ಕೈಬೆರಳಲ್ಲಿ ಎಣಿಸಲಾಗದಷ್ಟು ನೆನಪಿವೆ.

ಅಟ್ಟದ ಫೋನ್ ಬಿಚ್ಚಿದ ಮೇಲೆ ಅಕ್ಕನ ಮನೆಯಲ್ಲಿ ಸ್ವಲ್ಪ ಸುಧಾರಿಸಿತು. 28.8ಕ್ಕೆ ಕನೆಕ್ಟ್ ಆಗುತ್ತಿದ್ದದ್ದು 33.6ಕ್ಕೆ ಬಂತು. ಭಾವ "ಆಯ್ತು ಬಿಡು, ಊಟಕ್ಕೆ ಏಳು" ಅಂದರು. ಎಲೆ ಹಾಕುವಷ್ಟರಲ್ಲಿ ಮತ್ತೆ ಕಟ್.

ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಡ್ರೈವರ್ ಬದಲಾಯಿಸೋಣ, ಸೆಟ್ಟಿಂಗ್ ಬದಲಾಯಿಸೋಣ, ಇನ್ನೊಂದು ಮೋಡೆಮ್ ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ನಾನು ಮಾಡಿದ್ದು ತೊಂದರೆ ಇರಬಹುದಾದ ಜಾಗವನ್ನು ಅರ್ಧ ಅರ್ಧ ಮಾಡುತ್ತ ಹೋಗುವ ಕೆಲಸ. ಲೈನ್ ಹೊರಗಿಂದ ಬಂದು ಮೊದಲು ಸೇರುವ ಡಬ್ಬಿ ಜಗಲಿಯಲ್ಲಿತ್ತು. ಅಲ್ಲಿಂದ ಮನೆಯ ಒಳಗೆ ಹೋಗುವ ಎಲ್ಲ ತಂತಿಯನ್ನೂ ಬಿಚ್ಚಿದೆ. ಕಂಪ್ಯೂಟರನ್ನೇ ಎತ್ತಿಕೊಂಡು ಬಂದು ಜಗಲಿಯಲ್ಲಿ ಇಟ್ಟು ಆ ಡಬ್ಬಿಗೆ ನೇರವಾಗಿ ಸೇರಿಸಿದೆ. ಈಗ ಮನೆಯೊಳಗಿನ ವೈರಿಂಗ್ ಲೆಕ್ಕದಲ್ಲೇ ಇಲ್ಲ. ಹಾಗಿದ್ದೂ ಕಟ್ ಆಯಿತು. ಅಂದರೆ ತೊಂದರೆ ಒಂದೋ ಕಂಪ್ಯೂಟರಿನಲ್ಲಿ, ಇಲ್ಲವೇ ಹೊರಗೆ. ಮರುದಿನ ಅದೇ ಕಂಪ್ಯೂಟರನ್ನು ಜೀಪಿನಲ್ಲಿ ಹಾಕಿಕೊಂಡು ರಸ್ತೆ ಪಕ್ಕದ ನೆಂಟರ ಮನೆಗೆ ಹೋದೆವು. ಅಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ನಿಂತಿತು, ನಾವೇ ಸಾಕು ಅಂತ ಬಿಡಿಸಿದೆವು. ಕಂಪ್ಯೂಟರ್ ಸರಿ, ಮೋಡೆಮ್ ಸರಿ, ವಿಂಡೋಸ್ ಸರಿ, ಎಕ್ಸ್‌ಚೇಂಜ್ ಸರಿ. ಉಳಿದದ್ದು ಅಕ್ಕನ ತೋಟದ ಮೇಲೆ ಹಾದು ಬರುವ ತಂತಿ ಮಾತ್ರ.

ಅವತ್ತು ಸಂಜೆ ನಾನು ಫೋನ್ ಎತ್ತಿ ಲೈನ್ ಕೇಳಿದೆ. ಇದಕ್ಕೆ ಒಂದು ಉಪಾಯ ಇದೆ. ರಿಸೀವರ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತು ಕೆಲವು ಸೆಕೆಂಡು ಪೂರ್ತಿ ಮೌನ ಸಿಗುತ್ತದೆ. ಆ ಮೌನದಲ್ಲಿ ಏನು ಕೇಳುತ್ತದೆ ಅನ್ನುವುದೇ ನಿಮ್ಮ ಲೈನಿನ ಆರೋಗ್ಯ. ಹುರಿಗಡಲೆ ಸಿಡಿದ ಹಾಗೆ ಚಟಚಟ ಅಂದರೆ ಸಡಿಲ ಜೋಡಣೆ. ನನಗೆ ಕೇಳಿದ್ದು ಚಟಚಟ ಮಾತ್ರ ಅಲ್ಲ. ತುಂಬ ದೂರದಿಂದ ಬಂದ ಹಾಗೆ ಒಂದು ಹಾಡು. ಕಿವಿಗೊಟ್ಟು ಕೇಳಿದರೆ ಭದ್ರಾವತಿ ಆಕಾಶವಾಣಿ! ಅಕ್ಕನನ್ನು ಕರೆದು ಕೇಳಿಸಿದೆ. "ಅಯ್ಯೋ, ಅದು ಮಳೆಗಾಲ ಶುರುವಾದಾಗಿಂದ ಹಾಗೇ ಬರುತ್ತೆ. ಪಕ್ಕದ ಮನೆ ರೇಡಿಯೋ ಅಂದುಕೊಂಡಿದ್ದೆ" ಅಂದಳು.

ತಾಮ್ರದ ಎರಡು ತಂತಿಯನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ನೀರು ಒಳಗೆ ಹೋಗಿ ಹಸಿರು ಕಿಲುಬು ಹಿಡಿಯುತ್ತದೆ. ಆ ಕಿಲುಬಿನ ಪದರ ಕರೆಂಟನ್ನು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಿಡುತ್ತದೆ. ಹಳೆಯ ಕಾಲದ ಹರಳಿನ ರೇಡಿಯೋ ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ಉದ್ದದ ತಂತಿಯೇ ಏರಿಯಲ್, ಕಿಲುಬು ಹಿಡಿದ ಗಂಟೇ ಹರಳು, ನಿಮ್ಮ ಫೋನೇ ಕಿವಿಗೆ ಹಾಕುವ ಇಯರ್‌ಫೋನ್. ಹಾಗಾಗಿ ಫೋನಿನಲ್ಲಿ ಮೀಡಿಯಂ ವೇವ್ ಸ್ಟೇಷನ್ ಕೇಳಿಸಿದರೆ ಎಲ್ಲೋ ಒಂದು ಕೆಟ್ಟ ಗಂಟು ಇದೆಯಾ ಅಂತ ಹುಡುಕಿ. ಕೆಲವೊಮ್ಮೆ ಫೋನ್ ಯಂತ್ರವೇ ಹೀಗೆ ಮಾಡುವುದುಂಟು, ಅದಕ್ಕೆ ಬೇರೆ ಫೋನ್ ಹಾಕಿಯೂ ಕೇಳಬೇಕು. ನಾನು ಹಾಕಿ ಕೇಳಿದೆ, ಹಾಡು ಹಾಗೇ ಇತ್ತು.

ಈಗ ಆ 41 ನಿಮಿಷಕ್ಕೆ ಬನ್ನಿ. ಅಕ್ಕನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ಅವಳ ಕೈಬರಹದಲ್ಲಿ ಹೀಗಿತ್ತು: "ಕೂರುವ ಮುಂಚೆ ತಂಗಿ ಮನೆಯಿಂದ ಫೋನ್ ಬಂತು." 35 ನಿಮಿಷದ ಪಕ್ಕದಲ್ಲಿ: "ಸೊಸೈಟಿಯಿಂದ ಫೋನ್, ಅಡಿಕೆ ವಿಷಯ." ಎರಡೂ ಸಲ ಕನೆಕ್ಟ್ ಮಾಡುವ ಮುಂಚೆ ಹೊರಗಿಂದ ಫೋನ್ ಬಂದು ರಿಂಗ್ ಆಗಿತ್ತು. ಅದನ್ನು ಓದಿದಾಗ ನನಗೆ ಮೈ ಜುಮ್ ಅಂತು, ನಿಜ ಹೇಳುತ್ತೇನೆ. ಸುಮ್ಮನಿರುವಾಗ ಫೋನಿನ ಲೈನಿನಲ್ಲಿ 48 ವೋಲ್ಟಿನ ಸುತ್ತಮುತ್ತ ಇರುತ್ತದೆ. ರಿಸೀವರ್ ಎತ್ತಿದರೆ ಅದು ಹತ್ತು ವೋಲ್ಟಿನ ಆಚೀಚೆಗೆ ಇಳಿಯುತ್ತದೆ. ಆದರೆ ರಿಂಗ್ ಆಗುವಾಗ ಆ ಕಡೆಯಿಂದ 75 ವೋಲ್ಟೋ ಅದಕ್ಕೂ ಜಾಸ್ತಿಯೋ ಎಸಿ ಕರೆಂಟ್, ಅಂದರೆ ದಿಕ್ಕು ಬದಲಿಸುತ್ತಿರುವ ಕರೆಂಟ್, ಬರುತ್ತದೆ. ಕಿಲುಬಿನ ತೆಳು ಪದರವನ್ನು ಆ ವೋಲ್ಟೇಜ್ ತೂತು ಮಾಡಿಬಿಡುತ್ತದೆ. ತಾಮ್ರಕ್ಕೆ ತಾಮ್ರ ತಾಗುತ್ತದೆ, ಸ್ವಲ್ಪ ಹೊತ್ತು ಲೈನ್ ಶುದ್ಧ. ಆಮೇಲೆ ಗಾಳಿಗೆ ತಂತಿ ಅಲ್ಲಾಡಿ, ತೇವಕ್ಕೆ ಮತ್ತೆ ಪದರ ಕಟ್ಟಿ, ಮೊದಲಿನ ಹಾಗೇ. ಮೂರು ಜನ ರಿಪೇರಿಯವರಿಗೆ ಸಿಗದ ಸುಳಿವು ನೋಟ್‌ಬುಕ್ಕಿನ ಅಂಚಿನಲ್ಲಿ ಇತ್ತು. ಅಡಿಕೆ ವಿಷಯ ಅಂತ ಕೂಡ ಬರೆಯಬೇಕು ಅನ್ನಿಸಿತಲ್ಲ ಅವಳಿಗೆ, ಅದು ದೊಡ್ಡದು.

ಪರೀಕ್ಷೆ ಸುಲಭ ಇತ್ತು. ನೆಂಟರ ಮನೆಯಿಂದ ಫೋನ್ ಮಾಡಿಸಿ ಎಂಟು ಹತ್ತು ರಿಂಗ್ ಆಗಲು ಬಿಟ್ಟೆ. ಕೂಡಲೇ ಎತ್ತಿ ಕೇಳಿದರೆ ಭದ್ರಾವತಿ ಇಲ್ಲ. ಕನೆಕ್ಟ್ ಮಾಡಿದರೆ ಅರ್ಧ ಗಂಟೆ ಮೇಲೆ ನಿಂತಿತು.

ಮರುದಿನ ಲೈನ್‌ಮನ್ ಬಂದರು. ಐವತ್ತರ ಮೇಲಿನ ಮನುಷ್ಯ, ಸುರಿಯುವ ಮಳೆಯಲ್ಲೂ ಸೈಕಲ್ಲಿನಲ್ಲಿ ಏಣಿ ಕಟ್ಟಿಕೊಂಡು ಬಂದಿದ್ದರು. ನಾವು "ಇಂಟರ್ನೆಟ್ ಬರುತ್ತಿಲ್ಲ" ಅಂತ ಹೇಳಿದ್ದರೆ ಅವರಿಗೆ ಏನೂ ಮಾಡಲು ಬರುತ್ತಿರಲಿಲ್ಲ, ಫೋನಿನಲ್ಲಿ ಡಯಲ್ ಟೋನ್ ಇದೆಯಲ್ಲ. "ಲೈನಿನಲ್ಲಿ ರೇಡಿಯೋ ಕೇಳುತ್ತಿದೆ, ರಿಂಗ್ ಆದ ಮೇಲೆ ಸರಿಯಾಗುತ್ತದೆ" ಅಂದೆ. ಅವರು ತಲೆಯಾಡಿಸಿ "ಹಾಗಾದರೆ ಗಂಟು ಕೆಟ್ಟಿದೆ ಸ್ವಾಮಿ" ಅಂದರು. ಅಷ್ಟೇ. ಅವರ ಭಾಷೆಯಲ್ಲಿ ಹೇಳಿದರೆ ಅವರಿಗೆ ಕೆಲಸ ಗೊತ್ತು. ಕಂಬದಿಂದ ಮನೆ ತನಕ ತಂತಿ ಹಿಡಿದು ನಡೆದೆವು, ತೋಟದ ಒಳಗೆ ಒಂದು ಕಡೆ ಹಿಂದೆ ಯಾವಾಗಲೋ ಅಡಿಕೆ ಮರ ಬಿದ್ದು ತಂತಿ ಹರಿದಾಗ ಹಾಕಿದ ಗಂಟು ಸಿಕ್ಕಿತು. ಟೇಪ್ ಬಿಚ್ಚಿದರೆ ಒಳಗೆ ಹಸಿರು ಪುಡಿ. ಕೆಟ್ಟ ತುಂಡನ್ನು ಕತ್ತರಿಸಿ, ತಂತಿಯನ್ನು ಹೊಳೆಯುವ ತನಕ ಕೆರೆದು, ನೀರು ಹೋಗದ ಹಾಗೆ ಒಳಗೆ ಅಂಟು ತುಂಬಿದ ಸಣ್ಣ ಕನೆಕ್ಟರ್ ಹಾಕಿ ಒತ್ತಿದರು. ತಂತಿ ಕೊಂಬೆಗೆ ಉಜ್ಜದ ಹಾಗೆ ಇನ್ನೊಂದು ಮರಕ್ಕೆ ಎತ್ತಿ ಕಟ್ಟಿದರು. ಹದಿನೈದು ನಿಮಿಷದ ಕೆಲಸ.

ಕಂಪ್ಯೂಟರಿನ ಕಡೆಯ ತೊಂದರೆಗಳೇ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಇರುತ್ತವೆ. ಅಗ್ಗದ ಒಳಮೋಡೆಮ್‌ಗಳಲ್ಲಿ ಚಿಪ್ ಅರ್ಧ ಕೆಲಸ ಮಾತ್ರ ಮಾಡುತ್ತಿತ್ತು, ಉಳಿದದ್ದನ್ನು ಪ್ರೊಸೆಸರ್ ಮೇಲೆ ಹಾಕುತ್ತಿತ್ತು. ಹಳೆಯ ಪೆಂಟಿಯಂನಲ್ಲಿ ಡೌನ್‌ಲೋಡ್ ಆಗುತ್ತಿರುವಾಗ ಹಾಡು ಹಾಕಿದರೆ ಕಟ್ ಆಗುತ್ತಿತ್ತು ಅಂದರೆ ಇದೇ ಕಾರಣ. ಹೊರಗೆ ಇಡುವ ಸೀರಿಯಲ್ ಮೋಡೆಮ್ ದುಬಾರಿ, ಆದರೆ ದುಡ್ಡು ಇದ್ದವರಿಗೆ ನಾನು ಅದನ್ನೇ ಹೇಳುತ್ತಿದ್ದೆ, ಅದರ ದೀಪ ನೋಡಿದರೇ ಏನಾಗುತ್ತಿದೆ ಅಂತ ತಿಳಿಯುತ್ತದೆ. ಇನ್ನೊಂದು, ಮೌಸ್, ಮೋಡೆಮ್ ಸೇರಿಸುವ ಕಾಮ್ ಪೋರ್ಟುಗಳ ಜಗಳ. ಕಾಮ್1 ಮತ್ತು ಕಾಮ್3 ಒಂದೇ ಐಆರ್‌ಕ್ಯೂ, ಅಂದರೆ ಪ್ರೊಸೆಸರನ್ನು ಕರೆಯುವ ಒಂದೇ ಗಂಟೆ, ಹಂಚಿಕೊಳ್ಳುತ್ತಿದ್ದವು, ಕಾಮ್2 ಮತ್ತು ಕಾಮ್4 ಇನ್ನೊಂದು. ಮೌಸ್ ಕಾಮ್1ರಲ್ಲಿ, ಮೋಡೆಮ್ ಕಾಮ್3ರಲ್ಲಿ ಇದ್ದರೆ ಮೌಸ್ ಅಲ್ಲಾಡಿಸಿದ ಕೂಡಲೇ ಕನೆಕ್ಷನ್ ಹೋಗುತ್ತಿತ್ತು. ಸಾಗರದ ಒಬ್ಬ ಮೇಷ್ಟ್ರು ಕೀಬೋರ್ಡಿನಲ್ಲೇ ಎಲ್ಲ ಮಾಡಲು ಕಲಿತಿದ್ದರು, ಮೌಸ್ ಮುಟ್ಟಿದರೆ ನೆಟ್ ಹೋಗುತ್ತದೆ ಅಂತ. ಅವರು ಕಂಡದ್ದು ಸರಿಯಾಗಿಯೇ ಇತ್ತು. ಮೋಡೆಮ್ಮನ್ನು ಕಾಮ್4ಕ್ಕೆ ಬದಲಾಯಿಸಿದೆ, ಕಾಮ್2ರಲ್ಲಿ ಏನೂ ಇರಲಿಲ್ಲ, ಮುಗಿಯಿತು.

ಲೈನನ್ನು ಸರಿಮಾಡಿಸಲು ಆಗದೇ ಇದ್ದಾಗ ಮಾತ್ರ ಸೆಟ್ಟಿಂಗಿಗೆ ಕೈಹಾಕುತ್ತಿದ್ದೆ. ಮೋಡೆಮ್ಮಿನ ಒಳಗೆ ಎಸ್10 ಅಂತ ಒಂದು ರಿಜಿಸ್ಟರ್, ಅಂದರೆ ಒಂದು ಅಂಕಿ ಬರೆದಿಡುವ ಜಾಗ, ಇದೆ. ಆ ಕಡೆಯ ಸದ್ದು ನಿಂತರೆ ಎಷ್ಟು ಹೊತ್ತು ಕಾದು ಫೋನ್ ಇಡಬೇಕು ಅನ್ನುವುದು ಅದರಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಸಾಮಾನ್ಯವಾಗಿ 14, ಅಂದರೆ 1.4 ಸೆಕೆಂಡ್. ಎಸ್10=50 ಅಂತ ಮಾಡಿದರೆ ಐದು ಸೆಕೆಂಡ್ ಕಾಯುತ್ತದೆ, ಸಣ್ಣ ಚಟಚಟಕ್ಕೆ ಕೈಬಿಡುವುದಿಲ್ಲ. ಇನ್ನೊಂದು ದಾರಿ, 56ಕೆ ಆಸೆ ಬಿಟ್ಟು ಮೋಡೆಮ್ಮನ್ನು ವಿ.34ಕ್ಕೇ ಕಟ್ಟಿಹಾಕುವುದು. 44ಕ್ಕೆ ಕನೆಕ್ಟ್ ಆಗಿ ಐದು ನಿಮಿಷಕ್ಕೆ ಬೀಳುವುದಕ್ಕಿಂತ 31.2ಕ್ಕೆ ಎರಡು ಗಂಟೆ ನಿಲ್ಲುವುದು ಎಷ್ಟೋ ಮೇಲು. ಜನಕ್ಕೆ ಇದನ್ನು ಒಪ್ಪಿಸುವುದು ಕಷ್ಟ ಇತ್ತು, ಮೂಲೆಯಲ್ಲಿ ಕಾಣುವ ಅಂಕಿ ದೊಡ್ಡದಿರಬೇಕು ಅವರಿಗೆ. ಕೆಲವರಿಗೆ 115200 ಅಂತಲೂ ತೋರಿಸುತ್ತಿತ್ತು. ಅದು ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ಒಂದು ಅಡಿ ಕೇಬಲ್ಲಿನ ವೇಗ, ಲೈನಿನದ್ದಲ್ಲ. 33.6ರಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಬೈಟ್ ಇಳಿಯುತ್ತದೆ, ಒಂದು ಎಂಬಿಗೆ ನಾಲ್ಕೂವರೆ ನಿಮಿಷದ ಹತ್ತಿರ. ಆಗ ಒಂದೊಂದು ಕನ್ನಡ ಸೈಟಿಗೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು ಬೇರೆ. ಮುಕ್ಕಾಲು ಇಳಿದ ಮೇಲೆ ಕಟ್ ಆದರೆ ಮತ್ತೆ ಮೊದಲಿಂದ. ನಿಧಾನ ಆದರೂ ಬೀಳದ ಲೈನಿನ ಬೆಲೆ ಅವರಿಗೆ ಆಗ ಗೊತ್ತಾಗುತ್ತಿತ್ತು.

ಸಿಡಿಲಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನನ್ನ ಅಂಗಡಿಗೆ ದಿನಕ್ಕೆ ಎರಡು ಮೂರು ಸುಟ್ಟ ಮೋಡೆಮ್ ಬರುತ್ತಿದ್ದವು. ಎಲ್ಲರೂ ಕರೆಂಟಿನ ಪ್ಲಗ್ ತೆಗೆದಿರುತ್ತಿದ್ದರು, ಫೋನಿನ ತಂತಿ ಬಿಟ್ಟಿರುತ್ತಿದ್ದರು. ಸಿಡಿಲು ಅದರ ಮೂಲಕವೇ ಬರುತ್ತದೆ. ಮೋಡೆಮ್ ಒಂದೇ ಹೋದರೆ ಅದೃಷ್ಟ, ಕೆಲವೊಮ್ಮೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತಿತ್ತು. ಮೋಡ ಕಟ್ಟುತ್ತಿರುವಾಗಲೇ, ಗುಡುಗು ಕೇಳುವ ಮುಂಚೆಯೇ ಆ ಸಣ್ಣ ಕ್ಲಿಪ್ ಒತ್ತಿ ಎಳೆದುಬಿಡಿ, ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಇವತ್ತಿಗೂ ತಾಮ್ರದ ಲೈನ್ ಇರುವ ಮನೆಯವರಿಗೆ ಅದನ್ನೇ ಹೇಳುತ್ತೇನೆ.

ಲೈನ್‌ಮನ್ ಹೋದ ಮೇಲೆ ಅಕ್ಕ ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದಿನ ಸಲ ಹೋದಾಗ ನನಗೆ ತೋರಿಸಿದಳು. ಆ ರಾತ್ರಿಯ ಸಾಲಿನಲ್ಲಿ ಕನೆಕ್ಟ್ ಆದದ್ದು 8.05, ಬಿಟ್ಟದ್ದು 9.50. ಪಕ್ಕದಲ್ಲಿ ಬರೆದಿದ್ದಳು: "ಕಟ್ ಆಗಲಿಲ್ಲ. ಅವನಿಗೆ ಕ್ಲಾಸಿಗೆ ಹೊತ್ತಾಯ್ತು, ನಾವೇ ಇಟ್ಟೆವು."